ಮನೆಗೊಂದು ಹ್ಯಾಂಡಿಕ್ಯಾಮ್: ಯಾವುದು, ಎಷ್ಟಕ್ಕೆ, ಎಷ್ಟು ಕಾಲಕ್ಕೆ?



ಮನೆಯಲ್ಲಿ ಮುಂಜಿ ಗೊತ್ತಾಗಿದೆ. ಅಥವಾ ಮಗಳ ಮದುವೆ. ಅಥವಾ ಅಜ್ಜನ ಸಹಸ್ರಚಂದ್ರ ದರ್ಶನ ಶಾಂತಿ. ಛತ್ರ ಗೊತ್ತು ಮಾಡಿಯಾಯಿತು, ಅಡುಗೆಯವರಿಗೆ ಹೇಳಿಯಾಯಿತು. ಆಗ ಮನೆಯಲ್ಲಿ ಯಾರಾದರೂ ಒಬ್ಬರು ಮಾತು ತೆಗೆಯುತ್ತಾರೆ. ಒಂದು ವಿಡಿಯೊ ಕ್ಯಾಮೆರಾ, ಅಂದರೆ ಹ್ಯಾಂಡಿಕ್ಯಾಮ್, ಕೊಂಡುಬಿಡೋಣವೇ? ಕೊಂಡರೆ ಯಾವುದು? ಎಲ್ಲರ ಕೈಯಲ್ಲೂ ಫೋನಿರುವಾಗ ಅದು ಬೇಕೇ? ಇವತ್ತಿನ ನನ್ನ ಮಾತು ಇದರ ಮೇಲೆ.

ನಾನಿರುವುದು ಚೆನ್ನೈನ ಕ್ರೋಂಪೇಟೆಯಲ್ಲಿ. ಪಲ್ಲಾವರಕ್ಕೂ ತಾಂಬರಕ್ಕೂ ನಡುವೆ, ಜಿ.ಎಸ್.ಟಿ. ರಸ್ತೆಯ ಮೇಲಿನ ಊರು. ಕ್ರೋಮ್ ಚರ್ಮದ ಕಾರ್ಖಾನೆಯಿಂದ ಇದಕ್ಕೆ ಈ ಹೆಸರು ಬಂತು. 1949ರಲ್ಲಿ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಶುರುವಾದದ್ದು ಇಲ್ಲಿ. ಅಬ್ದುಲ್ ಕಲಾಂ ಅವರು ವಿಮಾನ ವಿಜ್ಞಾನ ಓದಿದ್ದೂ ಇಲ್ಲೇ. ನಮ್ಮ ನಿಲ್ದಾಣದಲ್ಲಿ ಬೀಚ್ ಕಡೆಯ ಲೋಕಲ್ ರೈಲು ಹತ್ತಿ ಕೊನೆಯಲ್ಲಿಳಿದರೆ ಬರ್ಮಾ ಬಜಾರು. ಅದು 1960ರ ದಶಕದಲ್ಲಿ ಬರ್ಮಾ ಬಿಟ್ಟು ಬಂದ ತಮಿಳರು ಕಟ್ಟಿಕೊಂಡ ಅಂಗಡಿ ಸಾಲು. ವಿದೇಶಿ ಸಾಮಾನಿಗೆ ಹೆಸರುವಾಸಿ. ಒಂದು ಕಾಲದಲ್ಲಿ ಮದ್ರಾಸಿನ ಎಷ್ಟೋ ಮನೆಗಳಿಗೆ ವಿಡಿಯೊ ಕ್ಯಾಮೆರಾ ಬರುತ್ತಿದ್ದುದು ಅಲ್ಲಿಂದ. ಇಲ್ಲದಿದ್ದರೆ ಗಲ್ಫ್‌ನಿಂದಲೋ ಅಮೆರಿಕದಿಂದಲೋ ಬಂದ ಮಗ, ಅಳಿಯ ತರುತ್ತಿದ್ದರು.

ಆಗ ತೆಗೆದ ಟೇಪುಗಳು ಈಗ ನನ್ನ ಬಳಿಗೆ ಬರುತ್ತವೆ. ಕೆಲಸದ ಮೇಲೆ ಬಂದು ಇಲ್ಲೇ ನೆಲೆಸಿದ ಕನ್ನಡ ಮನೆಗಳು ಈ ಸುತ್ತಿನಲ್ಲಿವೆ. ಅವರ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಕೆಲಸ ನನ್ನದು. ಹಾಗಾಗಿ ಯಾವ ಕ್ಯಾಮೆರಾ ನೋಡಿದರೂ ನನ್ನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ. ಇದರಲ್ಲಿ ತೆಗೆದದ್ದು ಇಪ್ಪತ್ತು ವರ್ಷ ಕಳೆದ ಮೇಲೆ ಕಾಣುತ್ತದೆಯೇ, ಕೇಳಿಸುತ್ತದೆಯೇ? ಕೊಟ್ಟ ದುಡ್ಡು ಸಾರ್ಥಕವೋ ಅಲ್ಲವೋ ಎಂದು ನಾನು ಅಳೆಯುವುದು ಇದರಿಂದಲೇ.

ಹಳೆಯದರಿಂದ ಶುರು ಮಾಡೋಣ. ಚಿತ್ರ ಹಿಡಿಯುವ ಕ್ಯಾಮೆರಾ, ತುಂಬಿಕೊಳ್ಳುವ ರೆಕಾರ್ಡರು, ಎರಡೂ ಒಂದೇ ಪೆಟ್ಟಿಗೆಯಲ್ಲಿ ಸೇರಿ ಮನೆಬಳಕೆಗೆ ಬಂದದ್ದು 1983ರಲ್ಲಿ. ಸೋನಿಯವರ ಬೀಟಾಮೂವಿ. ಹೆಗಲ ಮೇಲೆ ಹೊರಬೇಕು. ತೆಗೆದದ್ದನ್ನು ಅದರಲ್ಲೇ ಹಾಕಿ ನೋಡುವಂತೆಯೂ ಇರಲಿಲ್ಲ. ಮರುವರ್ಷ ಜೆವಿಸಿ ಕಂಪನಿ ವಿಎಚ್‌ಎಸ್ ಟೇಪಿನದೇ ಪುಟ್ಟ ರೂಪವಾದ ವಿಎಚ್‌ಎಸ್-ಸಿ ಕ್ಯಾಸೆಟ್ಟಿನ ಕ್ಯಾಮೆರಾ ತಂದಿತು. 1985ರಲ್ಲಿ ವಿಡಿಯೊ-8 ಬಂತು. 8 ಮಿಲಿಮೀಟರ್ ಅಗಲದ ಟೇಪು. 1989ರಲ್ಲಿ ಅದರದೇ ಮೇಲ್ದರ್ಜೆ, ಹೈ-8. 1995ರಲ್ಲಿ ಡಿಜಿಟಲ್ ಆದ ಮಿನಿ ಡಿವಿ.

ಇವುಗಳ ಚಿತ್ರದ ಗುಣವನ್ನು ಗೆರೆಗಳ ಲೆಕ್ಕದಲ್ಲಿ ಹೇಳುತ್ತಿದ್ದರು. ವಿಎಚ್‌ಎಸ್‌ಗೆ ಸುಮಾರು 240 ಗೆರೆ. ಹೈ-8ಕ್ಕೆ 400. ಮಿನಿ ಡಿವಿಗೆ 500. ಕಿವಿಯಲ್ಲಿ ಕೇಳಿದರೆ ಬರೀ ಅಂಕಿ. ಪರದೆಯ ಮೇಲೆ ಅದು ಹೀಗೆ ಕಾಣುತ್ತದೆ. ವಿಎಚ್‌ಎಸ್‌ನಲ್ಲಿ ವಧುವಿನ ಸೀರೆ ಕೆಂಪು ಎಂದಷ್ಟೇ ತಿಳಿಯುತ್ತದೆ. ಕೆಂಪು ಅಂಚು ದಾಟಿ ಪಕ್ಕಕ್ಕೆ ಹರಡಿರುತ್ತದೆ. ಹೈ-8ರಲ್ಲಿ ಅಂಚು ಬೇರೆ, ಒಡಲು ಬೇರೆ ಎಂದು ಕಾಣುತ್ತದೆ. ಮಿನಿ ಡಿವಿಯಲ್ಲಿ ಹತ್ತಿರದಿಂದ ತೆಗೆದಿದ್ದರೆ ಅಂಚಿನ ಜರಿಯಲ್ಲಿ ಬುಟ್ಟಾ ಇದೆಯೋ ಗೋಪುರ ಇದೆಯೋ ಹೇಳಬಹುದು.

ಮಿನಿ ಡಿವಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಒಂದು ಗಂಟೆಯ ಟೇಪಿನಲ್ಲಿ ಸುಮಾರು 13 ಜಿಬಿ ಮಾಹಿತಿ ತುಂಬಿರುತ್ತಿತ್ತು. ಆ ಕಾಲಕ್ಕೆ ಅದು ಧಾರಾಳ. ಚಿತ್ರವನ್ನು ತೀರಾ ಹಿಂಡುತ್ತಿರಲಿಲ್ಲ. ಚೆನ್ನಾಗಿ ಇಟ್ಟುಕೊಂಡ ಟೇಪು ಇವತ್ತಿಗೂ ತೆಗೆದ ದಿನದ ಹಾಗೆಯೇ ಬರುತ್ತದೆ. ಆಮೇಲೆ 8 ಸೆಂಟಿಮೀಟರಿನ ಪುಟ್ಟ ಡಿವಿಡಿಗೆ ತುಂಬುವ ಕ್ಯಾಮೆರಾಗಳು ಬಂದವು. ತೆಗೆದ ಕೂಡಲೇ ಪ್ಲೇಯರಿಗೆ ಹಾಕಿ ನೋಡಿ ಎಂದು ಮಾರಿದರು. ಜನ ಕೊಂಡರು. ಒಂದು ಡಿಸ್ಕಿಗೆ 1.4 ಜಿಬಿ. ಒಳ್ಳೆಯ ಗುಣಮಟ್ಟದಲ್ಲಿ 20, ಹೆಚ್ಚೆಂದರೆ 30 ನಿಮಿಷ. ಅಂದರೆ ಚಿತ್ರವನ್ನು ಮಿನಿ ಡಿವಿಗಿಂತ ಬಹಳ ಹೆಚ್ಚು ಹಿಂಡಿದಂತಾಯಿತು. ತೆಗೆದು ಮುಗಿದ ಮೇಲೆ ಫೈನಲೈಸ್ ಎಂಬ ಒಂದು ಕ್ರಮ ಮಾಡಬೇಕಿತ್ತು. ಎಷ್ಟೋ ಮನೆಯವರು ಮಾಡಲಿಲ್ಲ. ಹಾಗೆ ಬಿಟ್ಟ ಡಿಸ್ಕನ್ನು ಬೇರೆ ಪ್ಲೇಯರು ಓದುವುದಿಲ್ಲ. ಮೇಲೆ ಪೆನ್ನಿನಲ್ಲಿ ‘ಪಾಪುವಿನ ನಾಮಕರಣ’ ಎಂದು ಬರೆದ ಡಿಸ್ಕನ್ನು ತಾಯಿಯೊಬ್ಬರು ಕೈಗೆ ಕೊಟ್ಟಾಗ, ಇದರಲ್ಲಿ ಏನೂ ಬರುತ್ತಿಲ್ಲ ಅಮ್ಮ ಎಂದು ಹೇಳುವುದು ಕಷ್ಟದ ಕೆಲಸ.

ಇಷ್ಟು ಹಳೆಯದಾಯಿತು. ಟೇಪು ಉಳಿಯಿತು, ಪುಟ್ಟ ಡಿಸ್ಕು ಕೈಕೊಟ್ಟಿತು ಎಂದು ನೋಡಿದೆವು. 2006ರಲ್ಲಿ ಸೋನಿ, ಪ್ಯಾನಸೋನಿಕ್ ಎರಡೂ ಸೇರಿ ಎವಿಸಿಎಚ್‌ಡಿ ಎಂಬ ಹೊಸ ಕ್ರಮ ತಂದವು. ಅಲ್ಲಿಂದ ಮುಂದೆ ಕ್ಯಾಮೆರಾಗಳು ನಿಧಾನವಾಗಿ ಮೆಮೊರಿ ಕಾರ್ಡಿಗೆ ತಿರುಗಿದವು. ಈಗ ಅಂಗಡಿಯಲ್ಲಿ ಸಿಗುವುದು ಅದೇ. ಹಾಗಾದರೆ ಈಗಿನದರಲ್ಲಿ ಏನು ನೋಡಿ ಕೊಳ್ಳಬೇಕು?

ಅಂಗಡಿಯವರು ಮೊದಲು ಹೇಳುವುದು ಚುಕ್ಕೆಗಳ ಲೆಕ್ಕ. ಪಿಕ್ಸೆಲ್ ಅಂತಾರಲ್ಲ, ಅದು. ಹಳೆಯ ಟಿವಿ ಚಿತ್ರದಲ್ಲಿ ಸುಮಾರು 4 ಲಕ್ಷ ಚುಕ್ಕೆ. ಫುಲ್ ಎಚ್‌ಡಿಯಲ್ಲಿ 20 ಲಕ್ಷ. 4ಕೆ ಎಂದರೆ 80 ಲಕ್ಷ. ಅಂಕಿ ದೊಡ್ಡದಾದಷ್ಟೂ ಬೆಲೆ ಏರುತ್ತದೆ. ಫುಲ್ ಎಚ್‌ಡಿಯ ಸಾಧಾರಣ ಮಾದರಿಗೂ 4ಕೆ ಮಾದರಿಗೂ ಬೆಲೆಯಲ್ಲಿ ಹಲವು ಪಟ್ಟು ಅಂತರ.

ಆದರೆ ಕೇಳುಗರೇ, ಆ ಚುಕ್ಕೆಗಳ ಮೇಲೆ ಬೆಳಕು ಬೀಳಬೇಕು. ಲೆನ್ಸಿನ ಹಿಂದೆ ಬೆಳಕು ಹಿಡಿಯುವ ಒಂದು ಚಿಪ್ ಇರುತ್ತದೆ. ಸೆನ್ಸರ್ ಅನ್ನುತ್ತಾರೆ. ಸೋನಿಯ ಸಿಎಕ್ಸ್ 405 ಎಂಬ ಕಡಿಮೆ ಬೆಲೆಯ ಫುಲ್ ಎಚ್‌ಡಿ ಮಾದರಿ ಬಹಳ ಮನೆಗಳಲ್ಲಿದೆ. ಅದರ ಸೆನ್ಸರು ಮೂಲೆಯಿಂದ ಮೂಲೆಗೆ 3 ಮಿಲಿಮೀಟರ್ ಆಸುಪಾಸು. ಅದೇ ಕಂಪನಿಯ ಎಎಕ್ಸ್ 43 ಎಂಬ 4ಕೆ ಮಾದರಿಯಲ್ಲಿ ಸುಮಾರು 7. ಈಗಿನ ಒಳ್ಳೆಯ ಫೋನುಗಳ ಮುಖ್ಯ ಕ್ಯಾಮೆರಾದಲ್ಲಿ 8ರಿಂದ 12. ಅಂದರೆ ಬೆಳಕು ಹಿಡಿಯುವುದರಲ್ಲಿ ಫೋನೇ ಮುಂದು. ಸಂಜೆಯ ಆರತಕ್ಷತೆ, ದೇವರ ಮನೆಯ ದೀಪದ ಬೆಳಕು, ಇಂಥ ಕಡೆ ಅಗ್ಗದ ಹ್ಯಾಂಡಿಕ್ಯಾಮಿನ ಚಿತ್ರದಲ್ಲಿ ಕಪ್ಪಿನೊಳಗೆ ಸಣ್ಣ ಸಣ್ಣ ಕಾಳು ಹರಿದಾಡುತ್ತವೆ. ಫೋನಿನ ಚಿತ್ರ ಅದಕ್ಕಿಂತ ಹಸನಾಗಿರುತ್ತದೆ. ಇದನ್ನು ಕ್ಯಾಮೆರಾ ಮಾರುವವರು ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.

ಹಾಗಾದರೆ ಹ್ಯಾಂಡಿಕ್ಯಾಮಿನ ಬಲ ಎಲ್ಲಿದೆ? ಲೆನ್ಸಿನಲ್ಲಿದೆ. ಆ ಸಿಎಕ್ಸ್ 405 ಲೆನ್ಸಿನ ಚಲನೆಯಿಂದಲೇ 30 ಪಟ್ಟು ಹತ್ತಿರ ತರುತ್ತದೆ. ಇದು ಆಪ್ಟಿಕಲ್ ಝೂಮ್. ಛತ್ರದ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ಮಂಟಪದೊಳಗಿನ ಮುಖ ತುಂಬಿಕೊಳ್ಳಬಹುದು. ಪುರೋಹಿತರಿಗೂ ಹೋಮಕ್ಕೂ ಅಡ್ಡ ನಿಲ್ಲಬೇಕಿಲ್ಲ. ಡಬ್ಬಿಯ ಮೇಲೆ ಇನ್ನೊಂದು ದೊಡ್ಡ ಅಂಕಿ ಇರುತ್ತದೆ. 300 ಪಟ್ಟು, 800 ಪಟ್ಟು ಎಂದು. ಅದು ಡಿಜಿಟಲ್ ಝೂಮ್. ಹಿಟ್ಟು ಅಷ್ಟೇ ಇಟ್ಟುಕೊಂಡು ಚಪಾತಿ ದೊಡ್ಡದು ಮಾಡಿದ ಹಾಗೆ. ಆ ಅಂಕಿಯನ್ನು ನೋಡಲೇಬೇಡಿ. ಮೆನುವಿನಲ್ಲಿ ಅದನ್ನು ಆಫ್ ಮಾಡಿಟ್ಟುಬಿಡಿ.

ಹತ್ತಿರ ತಂದಷ್ಟೂ ಕೈ ನಡುಕವೂ ದೊಡ್ಡದಾಗಿ ಕಾಣುತ್ತದೆ. ಅದನ್ನು ತಡೆಯಲು ಲೆನ್ಸಿನ ತುಂಡುಗಳನ್ನೇ ಅಲುಗಿಸಿ ಸರಿದೂಗಿಸುವ ವ್ಯವಸ್ಥೆ ಇದ್ದರೆ ಒಳ್ಳೆಯದು. ಎಎಕ್ಸ್ 43ರಲ್ಲಿ ಇಡೀ ಲೆನ್ಸು ಮತ್ತು ಸೆನ್ಸರು ಒಟ್ಟಿಗೇ ತೇಲುವಂತೆ ಕೂರಿಸಿದ್ದಾರೆ. ವಯಸ್ಸಾದವರ ಕೈಯಲ್ಲೂ ಚಿತ್ರ ನಿಲ್ಲುತ್ತದೆ. ಹೆಚ್ಚಿನ ದುಡ್ಡು ಕೊಡುವುದಾದರೆ 4ಕೆ ಎಂಬುದಕ್ಕಿಂತ ಇದಕ್ಕಾಗಿ ಕೊಡಿ ಎನ್ನುತ್ತೇನೆ.

ಬೆಳಕಿಗೆ ಫೋನು, ದೂರಕ್ಕೆ ಹ್ಯಾಂಡಿಕ್ಯಾಮು ಎಂದು ನೋಡಿದೆವು. ಬೆಳಕಿನದೇ ಇನ್ನೊಂದು ಮಾತಿದೆ. ಇದು ಹೊರದೇಶದಲ್ಲಿ ಮಕ್ಕಳಿರುವವರು ಗಮನಿಸಬೇಕಾದದ್ದು.

ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸುತ್ತು. ಅಮೆರಿಕದ್ದು 60. ನಮ್ಮಲ್ಲಿ ಟ್ಯೂಬ್‌ಲೈಟು ಕಣ್ಣಿಗೆ ಕಾಣದ ಹಾಗೆ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಇಲ್ಲಿನ ಕ್ಯಾಮೆರಾ ಸೆಕೆಂಡಿಗೆ 25 ಚಿತ್ರದ ಪಾಲ್ ಕ್ರಮದ್ದು. ಅದು ಈ ಮಿಡಿತಕ್ಕೆ ಹೊಂದಿಕೊಳ್ಳುತ್ತದೆ. ಅಮೆರಿಕದ್ದು ಎನ್‌ಟಿಎಸ್‌ಸಿ, ಸೆಕೆಂಡಿಗೆ 30 ಚಿತ್ರ. ಆ ಕ್ಯಾಮೆರಾವನ್ನು ತಂದು ಕ್ರೋಂಪೇಟೆಯ ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಇಡೀ ಕೋಣೆಯ ಬೆಳಕು ಬೇಗ ಬೇಗ ಏರಿ ಇಳಿಯುತ್ತದೆ. ಅಂಥ ಟೇಪುಗಳು ನನ್ನ ಬಳಿಗೆ ಬಹಳ ಬಂದಿವೆ. ಹೊರಗೆ ಅಂಗಳದಲ್ಲಿ ತೆಗೆದದ್ದು ಚೆನ್ನಾಗಿರುತ್ತದೆ. ಒಳಗೆ ತೆಗೆದದ್ದರಲ್ಲಿ ಗೋಡೆ, ಮುಖ, ರಂಗೋಲಿ ಎಲ್ಲ ಅದುರುತ್ತಿರುತ್ತದೆ. ಅದನ್ನು ಆಮೇಲೆ ಪೂರ್ತಿ ಸರಿಪಡಿಸಲು ಆಗುವುದಿಲ್ಲ. ಅಮೆರಿಕದಿಂದ ತಂದ ಕ್ಯಾಮೆರಾದ ಮೆನುವಿನಲ್ಲಿ ಶಟರ್ ವೇಗವನ್ನು ನೂರರಲ್ಲಿ ಒಂದು ಸೆಕೆಂಡಿಗೆ ಇಡುವ ಅನುಕೂಲ ಇದ್ದರೆ ಈ ಅದುರು ತಗ್ಗುತ್ತದೆ. ಇಲ್ಲದಿದ್ದರೆ ಕ್ಯಾಮೆರಾವನ್ನು ಇಲ್ಲೇ ಕೊಳ್ಳುವುದು ಮೇಲು.

ಚಿತ್ರದ ಮಾತು ಇಲ್ಲಿಗೆ ಸಾಕು. ಲೆನ್ಸು, ಸೆನ್ಸರು, ಕರೆಂಟಿನ ಲೆಕ್ಕ ಮೂರೂ ಆಯಿತು. ಈಗ ಧ್ವನಿ. ಬಾನುಲಿಯಲ್ಲಿ ಕೂತು ಹೇಳುತ್ತಿದ್ದೇನೆಂದು ಧ್ವನಿಯ ಪಕ್ಷ ವಹಿಸುತ್ತಿದ್ದೇನೆ ಅಂದುಕೊಳ್ಳಬೇಡಿ. ಹಳೆಯ ಟೇಪು ಇಳಿಸಿಕೊಟ್ಟ ಮೇಲೆ ಮನೆಯವರು ಅಳುವುದು ಚಿತ್ರಕ್ಕಲ್ಲ, ಮಾತಿಗೆ. ತೀರಿಕೊಂಡ ತಂದೆಯವರ ಫೋಟೊ ಎಲ್ಲರ ಮನೆಯಲ್ಲೂ ಇರುತ್ತದೆ. ಅವರು ‘ಊಟ ಆಯ್ತೇನೋ’ ಎಂದು ಕೇಳಿದ ಧ್ವನಿ ಆ ಟೇಪಿನಲ್ಲಿ ಮಾತ್ರ ಇರುತ್ತದೆ.

ಆ ಧ್ವನಿ ಯಾಕೆ ಕೆಡುತ್ತದೆ? ಕ್ಯಾಮೆರಾದೊಳಗಿನ ಮೈಕು ಶಬ್ದದ ಮಟ್ಟವನ್ನು ತಾನೇ ಏರಿಸುತ್ತದೆ, ತಾನೇ ಇಳಿಸುತ್ತದೆ. ಧಾರೆಯ ಹೊತ್ತನ್ನು ನೆನಪಿಸಿಕೊಳ್ಳಿ. ಮಂತ್ರ ಮೆಲ್ಲಗೆ ನಡೆದಿರುತ್ತದೆ. ಮೈಕು ಮಟ್ಟ ಏರಿಸಿಕೊಂಡು ಕೂತಿರುತ್ತದೆ. ಯಾರೋ ‘ಗಟ್ಟಿಮೇಳ’ ಎಂದು ಕೂಗುತ್ತಾರೆ. ನಾದಸ್ವರ, ಡೋಲು ಒಮ್ಮೆಲೇ ಎರಗುತ್ತವೆ. ಮೊದಲ ಕ್ಷಣ ಧ್ವನಿ ಒಡೆದು ಗರಗರ ಎನ್ನುತ್ತದೆ. ತಕ್ಷಣ ಮೈಕು ಮಟ್ಟ ಇಳಿಸಿಬಿಡುತ್ತದೆ. ವಾದ್ಯ ನಿಂತ ಮೇಲೂ ಕೆಲವು ಸೆಕೆಂಡು ಅದು ಕೆಳಗೇ ಇರುತ್ತದೆ. ತಾಳಿ ಕಟ್ಟಿದ ಮೇಲೆ ವಧುವಿನ ತಾಯಿ ಆಡಿದ ಮೊದಲ ಮಾತು ಆ ಸೆಕೆಂಡುಗಳಲ್ಲಿ ಮುಳುಗಿಹೋಗುತ್ತದೆ.

ಆದ್ದರಿಂದ ಕೊಳ್ಳುವಾಗ ಕ್ಯಾಮೆರಾದ ಪಕ್ಕದ ಮುಚ್ಚಳ ತೆಗೆದು ನೋಡಿ. ಹೊರಗಿನ ಮೈಕು ಚುಚ್ಚುವ ತೂತು ಇದೆಯೇ? ಅಗ್ಗದ ಮಾದರಿಗಳಲ್ಲಿ ಅದನ್ನೇ ಬಿಟ್ಟಿರುತ್ತಾರೆ. ಸಿಎಕ್ಸ್ 405ರಲ್ಲಿ ಇಲ್ಲ. ಎಎಕ್ಸ್ 43ರಲ್ಲಿ ಇದೆ. ಪ್ಯಾನಸೋನಿಕ್‌ನ ಮಧ್ಯಮ ಬೆಲೆಯ ವಿ 785ರಲ್ಲೂ ಇದೆ. ಮೆನುವಿನಲ್ಲಿ ಧ್ವನಿಯ ಮಟ್ಟವನ್ನು ಕೈಯಾರೆ ಇಡಲು ಬರುತ್ತದೆಯೇ ಎಂದೂ ಕೇಳಿ. ಈ ಎರಡು ಇದ್ದರೆ ಕ್ಯಾಮೆರಾ ಫುಲ್ ಎಚ್‌ಡಿ ಆದರೂ ನಾನು ಅದನ್ನೇ ಆರಿಸುತ್ತೇನೆ. ನಮ್ಮ ಊರಿನಲ್ಲಂತೂ ಇದು ಬೇಕೇ ಬೇಕು. ಮೀನಂಬಾಕದ ವಿಮಾನ ನಿಲ್ದಾಣ ಹತ್ತಿರ. ಲೋಕಲ್ ರೈಲು ಊರಿನ ನಡುವೆ. ಜಿ.ಎಸ್.ಟಿ. ರಸ್ತೆಯ ಹಾರ್ನ್ ಸದ್ದು ಹಗಲಿರುಳೂ ಇದ್ದದ್ದೇ. ಮಾತಾಡುವವರ ಎದೆಯ ಹತ್ತಿರ ಒಂದು ಚಿಕ್ಕ ಕಾಲರ್ ಮೈಕು ಸಿಕ್ಕಿಸಿದರೆ ಇದೆಲ್ಲ ಹಿಂದೆ ಸರಿಯುತ್ತದೆ. ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಹಳೆಯ ಕಥೆ ಕೇಳುವಾಗ ಮರೆಯದೆ ಹೀಗೆ ಮಾಡಿ.

ಧ್ವನಿಗೆ ಮೈಕಿನ ತೂತು ನೋಡಬೇಕು ಎಂದಾಯಿತು. ಇನ್ನು ಫೋನಿದ್ದರೆ ಸಾಲದೇ ಎಂಬ ಪ್ರಶ್ನೆ. ಚಿಕ್ಕ ಹೊತ್ತಿಗೆ ಖಂಡಿತ ಸಾಕು. ಮಗು ಅಂಬೆಗಾಲಿಡುವುದು, ಮೊಮ್ಮಗಳ ಹಾಡು, ಐದು ಹತ್ತು ನಿಮಿಷದ್ದಕ್ಕೆಲ್ಲ ಒಳ್ಳೆಯ ಫೋನಿದ್ದವರು ಬೇರೆ ಕ್ಯಾಮೆರಾ ಕೊಳ್ಳಬೇಕಿಲ್ಲ. ದುಡ್ಡು ಉಳಿಸಿ. ಆದರೆ ಬೆಳಗಿನ ಐದರಿಂದ ಹನ್ನೊಂದರವರೆಗೆ ನಡೆಯುವ ಮುಂಜಿಗೆ ಫೋನು ಬಸವಳಿಯುತ್ತದೆ. ಮೇ ತಿಂಗಳ ಅಗ್ನಿ ನಕ್ಷತ್ರದ ದಿನಗಳಲ್ಲಿ ಚೆನ್ನೈನ ಬಿಸಿಲು ಹೇಗಿರುತ್ತದೆಂದು ಕಂಡವರಿಗೆ ಗೊತ್ತು. ಫೋನು ಕಾದು ರೆಕಾರ್ಡಿಂಗ್ ತಾನಾಗಿ ನಿಲ್ಲುವುದುಂಟು. ನಡುವೆ ಕರೆ ಬರುವುದೂ ಉಂಟು. ಸ್ಟಿಲ್ ಕ್ಯಾಮೆರಾದಲ್ಲಿ ವಿಡಿಯೊ ತೆಗೆಯುವವರು ಇನ್ನೊಂದು ತಿಳಿದಿರಬೇಕು. ಅವುಗಳ ಹಳೆಯ ಮಾದರಿಗಳಲ್ಲಿ ಅನೇಕವು 30 ನಿಮಿಷಕ್ಕೆ ಒಂದು ಸೆಕೆಂಡು ಮೊದಲೇ ನಿಂತುಬಿಡುತ್ತವೆ. ಯುರೋಪಿನಲ್ಲಿ ವಿಡಿಯೊ ಕ್ಯಾಮೆರಾಗಳ ಮೇಲೆ ಹೆಚ್ಚಿನ ಸುಂಕ ಇತ್ತು. ಅದನ್ನು ತಪ್ಪಿಸಲು ಇಟ್ಟ ಮಿತಿ ಅದು. ಹ್ಯಾಂಡಿಕ್ಯಾಮಿಗೆ ಆ ಮಿತಿಯಿಲ್ಲ. ಕಾರ್ಡು ತುಂಬುವವರೆಗೆ, ಬ್ಯಾಟರಿ ಮುಗಿಯುವವರೆಗೆ ಓಡುತ್ತದೆ. 32 ಜಿಬಿ ಕಾರ್ಡಿನಲ್ಲಿ ಫುಲ್ ಎಚ್‌ಡಿಯಲ್ಲಿ ಸುಮಾರು 4 ಗಂಟೆ. 4ಕೆಯ ಮೇಲ್ಮಟ್ಟದಲ್ಲಾದರೆ ಒಂದು ಗಂಟೆಗೇ 45 ಜಿಬಿ ಬೇಕು. 4ಕೆ ಕೊಳ್ಳುವವರು ಕಾರ್ಡಿನ ಖರ್ಚು, ಇಟ್ಟುಕೊಳ್ಳುವ ಹಾರ್ಡ್ ಡಿಸ್ಕಿನ ಖರ್ಚು ಎರಡನ್ನೂ ಬೆಲೆಗೆ ಸೇರಿಸಿ ನೋಡಿ.

ಕತ್ತಲಲ್ಲಿ ಹಸಿರಾಗಿ ಕಾಣುವ ರಾತ್ರಿ ದೃಷ್ಟಿ, ಬಣ್ಣ ಬದಲಿಸುವ ಆಟ, ವಿಡಿಯೊ ನಡುವೆ ಫೋಟೊ ತೆಗೆಯುವುದು, ಇವುಗಳಿಗೆ ದುಡ್ಡು ಕೊಡಬೇಡಿ. ಇವುಗಳ ಮಾತು ಅಷ್ಟು ಸಾಕು.

ಯಾವುದು ಯಾವುದಕ್ಕೆ ಎಂದು ತಿಳಿಯಿತು. ಈಗ ಅಂಗಡಿಗೆ ಹೋಗೋಣ. ನಿಮ್ಮದೇ ಒಂದು ಮೆಮೊರಿ ಕಾರ್ಡು ಜೇಬಿನಲ್ಲಿರಲಿ. ಅಂಗಡಿಯ ಝಗಝಗ ಬೆಳಕಿನಲ್ಲಿ ಎಲ್ಲ ಕ್ಯಾಮೆರಾವೂ ಚೆನ್ನಾಗಿಯೇ ಕಾಣುತ್ತದೆ. ಅಂಗಡಿಯವರನ್ನು ಕೇಳಿಕೊಂಡು ಕ್ಯಾಮೆರಾವನ್ನು ಕತ್ತಲಿರುವ ಮೂಲೆಗೆ ಒಯ್ಯಿರಿ. ಜೊತೆಗೆ ಬಂದವರ ಮುಖವನ್ನು ಅಲ್ಲಿ ತೆಗೆಯಿರಿ. ಆಮೇಲೆ ಬಾಗಿಲಿಗೆ ಬೆನ್ನು ಮಾಡಿ ಅವರನ್ನು ನಿಲ್ಲಿಸಿ. ಹಿಂದಿನ ಬೆಳಕಿಗೆ ಮುಖ ಕಪ್ಪಾಗುತ್ತದೆಯೇ ನೋಡಿ. ರಸ್ತೆಯ ಆಚೆ ಬದಿಯ ಬೋರ್ಡಿಗೆ ಪೂರ್ತಿ ಝೂಮ್ ಮಾಡಿ ಹತ್ತು ಎಣಿಸಿ. ಅಕ್ಷರ ನಿಲ್ಲಬೇಕು. ಐದು ಹೆಜ್ಜೆ ನಡೆಯುತ್ತಾ ತೆಗೆಯಿರಿ. ನಾಲ್ಕು ಅಡಿ ದೂರದಿಂದ ಮೆಲ್ಲಗೆ ಮಾತಾಡಿಸಿ, ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿಸಿ. ಇದನ್ನೇ ಇನ್ನೊಂದು ಮಾದರಿಯಲ್ಲೂ ಮಾಡಿ. ಕಾರ್ಡನ್ನು ಮನೆಗೆ ತಂದು ನಿಮ್ಮ ಟಿವಿಯಲ್ಲಿ ಹಾಕಿ ನೋಡಿ. ಕ್ಯಾಮೆರಾದ ಅಂಗೈ ಅಗಲದ ಪರದೆಯಲ್ಲಿ ಯಾವ ದೋಷವೂ ಕಾಣುವುದಿಲ್ಲ. ಬಿಲ್ಲು, ವಾರಂಟಿ ಇಲ್ಲದ ಕಡೆ ಕೊಳ್ಳಬೇಡಿ. ಹೆಚ್ಚುವರಿ ಬ್ಯಾಟರಿ ಒಂದನ್ನು ಅವತ್ತೇ ಕೊಳ್ಳಿ. ಮಾದರಿ ಹಳತಾದ ಮೇಲೆ ಮೊದಲು ಸಿಗದಾಗುವುದು ಬ್ಯಾಟರಿಯೇ.

ಕೊಂಡಾಯಿತು, ತೆಗೆದಾಯಿತು. ಉಳಿಸಿಕೊಳ್ಳುವುದು ಹೇಗೆ? ಎವಿಸಿಎಚ್‌ಡಿ ಕ್ಯಾಮೆರಾಗಳು ದೀರ್ಘ ಕಾರ್ಯಕ್ರಮವನ್ನು ತುಂಡು ತುಂಡು ಫೈಲುಗಳಾಗಿ ಬರೆಯುತ್ತವೆ. ಬೇಕಾದ ಒಂದೆರಡು ಫೈಲನ್ನು ಆರಿಸಿ ತೆಗೆದುಕೊಂಡರೆ ಸೇರುವ ಜಾಗದಲ್ಲಿ ಒಂದು ಕ್ಷಣ ಚಿತ್ರವೋ ಧ್ವನಿಯೋ ತಪ್ಪುತ್ತದೆ. ಕಾರ್ಡಿನಲ್ಲಿರುವ ಇಡೀ ಫೋಲ್ಡರನ್ನೇ ಪ್ರತಿ ಮಾಡಿಕೊಳ್ಳಿ. ಎರಡು ಪ್ರತಿ ಇರಲಿ. ಎರಡೂ ಒಂದೇ ಬೀರುವಿನಲ್ಲಿ ಬೇಡ. 2015ರ ಡಿಸೆಂಬರ್ ಮಳೆಯಲ್ಲಿ ತಾಂಬರದ ಸುತ್ತಿನ ತಗ್ಗು ಬಡಾವಣೆಗಳಲ್ಲಿ ನೀರು ಮನೆಯೊಳಗೆ ನುಗ್ಗಿತು. ನೆಲದ ಹತ್ತಿರ ಇಟ್ಟ ಆಲ್ಬಮ್ಮು, ಟೇಪು ಹಿಂದಕ್ಕೆ ಬರಲಿಲ್ಲ. ಒಂದು ಪ್ರತಿಯನ್ನು ಮೈಸೂರಿನಲ್ಲೋ ಧಾರವಾಡದಲ್ಲೋ ಇರುವ ಅಣ್ಣತಮ್ಮಂದಿರ ಮನೆಯಲ್ಲಿಡಿ. ಕೆಲವು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಬದಲಿಸಿ.

ಇನ್ನು ಹಳೆಯ ಟೇಪು ಇರುವವರಿಗೆ ಒಂದು ಮಾತು. ಇದು ಆತುರದ ಕೆಲಸ. ಟೇಪು ಓಡಿಸುವ ಯಂತ್ರವಾದ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಟೇಪು ಇದೆ, ಓಡಿಸುವ ಯಂತ್ರವಿಲ್ಲ ಎಂಬ ದಿನ ಬಂದಿದೆ. ನಮ್ಮ ಕರಾವಳಿಯ ತೇವಕ್ಕೆ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಅದು ಕಂಡರೆ ಓಡಿಸಬೇಡಿ, ಯಂತ್ರದ ಹೆಡ್ಡೂ ಕೆಡುತ್ತದೆ. ಬಲ್ಲವರಿಂದ ಶುಚಿ ಮಾಡಿಸಿ. ಶುಚಿಯಾಗಿದ್ದರೆ ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ, ಆಮೇಲೆ ಇಳಿಸಿಕೊಳ್ಳಿ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು. ಅಡ್ಡದಾರಿ ಇಲ್ಲ.

1999ರಿಂದ ಕೆಲವು ವರ್ಷ ಡಿಜಿಟಲ್-8 ಎಂಬ ಕ್ಯಾಮೆರಾಗಳು ಬಂದವು. ಅವುಗಳಲ್ಲಿ ಹಲವು ಮಾದರಿಗಳು ಹಳೆಯ ವಿಡಿಯೊ-8, ಹೈ-8 ಟೇಪುಗಳನ್ನೂ ಓಡಿಸುತ್ತವೆ. ಫೈರ್‌ವೈರ್ ಎಂಬ ತಂತಿಯಲ್ಲಿ ಚಿತ್ರವನ್ನು ನೇರವಾಗಿ ಕಂಪ್ಯೂಟರಿಗೆ ಕೊಡುತ್ತವೆ. ಇವತ್ತು ಅಂಥ ಒಂದು ಕ್ಯಾಮೆರಾ ಹೊಸ 4ಕೆ ಕ್ಯಾಮೆರಾಕ್ಕಿಂತ ಹೆಚ್ಚು ಬೆಲೆಬಾಳುತ್ತದೆ ಎಂದು ನಾನು ನಂಬಿದ್ದೇನೆ. ಚೆನ್ನೈ ಇರಲಿ, ಮುಂಬಯಿ ಇರಲಿ, ಕಾಸರಗೋಡು ಇರಲಿ, ಪ್ರತಿಯೊಂದು ಕನ್ನಡ ಸಂಘವೂ ಕೆಲಸ ಮಾಡುವ ಇಂಥ ಒಂದು ಕ್ಯಾಮೆರಾ, ಒಂದು ವಿಸಿಆರ್, ವಿಎಚ್‌ಎಸ್-ಸಿ ಕ್ಯಾಸೆಟ್ಟಿನ ಒಂದು ಅಡಾಪ್ಟರ್ ಮತ್ತು ಫೈರ್‌ವೈರ್ ಇರುವ ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಳ್ಳಬೇಕು. ಸದಸ್ಯರು ಸರದಿಯಲ್ಲಿ ಬಂದು ಇಳಿಸಿಕೊಳ್ಳಲಿ. ಸಂಘದ ಹಳೆಯ ರಾಜ್ಯೋತ್ಸವಗಳು, ನಾಟಕಗಳು, ಈಗಿಲ್ಲದ ಹಿರಿಯರ ಭಾಷಣಗಳೂ ಅದೇ ಟೇಪುಗಳಲ್ಲಿವೆ. ನಿಮ್ಮ ಅಟ್ಟದ ಮೇಲೆ ಡಿಜಿಟಲ್-8 ಕ್ಯಾಮೆರಾ ಇದ್ದರೆ, ಅದರ ಚಾರ್ಜರು ಸಿಕ್ಕರೆ, ದಯವಿಟ್ಟು ಗುಜರಿಗೆ ಹಾಕಬೇಡಿ. ಹತ್ತಿರದ ಸಂಘದ ಕಾರ್ಯದರ್ಶಿಗಳಿಗೆ ಈ ವಾರವೇ ಒಂದು ಫೋನು ಮಾಡಿ, ನಮ್ಮ ಮನೆಯಲ್ಲಿ ಒಂದಿದೆ ಎಂದು ತಿಳಿಸಿ.